ದಾರಿಗೊಬ್ಬ ಜೊತೆಗಾರ

ನಮ್ಮ ಮನೆಗಳಲ್ಲಿ ಯಾರಾದರೂ ದೂರದ ಊರಿಗೆ ಹೊರಟು ನಿಂತಾಗ ಹಿರಿಯರು 'ಎಲ್ಲಿಗೆ?' ಎಂದು ಕೇಳುವುದಿಲ್ಲ. ಹೊರಟವರನ್ನು ಹಾಗೆ ಕೇಳಬಾರದೆಂಬುದು ಹಳೆಯ ನಂಬಿಕೆ. ಅವರು ಕೇಳುವ ಪ್ರಶ್ನೆ ಬೇರೆ: 'ಜೊತೆಗೆ ಯಾರಿದ್ದಾರೆ?' ಒಬ್ಬರಿದ್ದಾರೆ ಎಂದು ತಿಳಿದರೆ ಸಾಕು, ಅವರ ಮುಖದ ಆತಂಕ ಕಳೆಯುತ್ತದೆ. ಬುತ್ತಿಯ ಗಂಟಿಗೆ ಇನ್ನೆರಡು ರೊಟ್ಟಿ ಸೇರುತ್ತವೆ. ಚಿಕ್ಕಂದಿನಲ್ಲಿ ನಾನು ಇದನ್ನು ಬರಿಯ ವಾಡಿಕೆಯ ಮಾತೆಂದು ಭಾವಿಸಿದ್ದೆ. ಬಸ್ಸು ರೈಲುಗಳ ಕಾಲದಲ್ಲಿ ಜೊತೆಯ ಅಗತ್ಯವೇನು ಎಂದು ಮನಸ್ಸಿನಲ್ಲಿಯೇ ನಕ್ಕದ್ದೂ ಉಂಟು. ಆ ಪ್ರಶ್ನೆಯ ತೂಕ ನನಗೆ ತಿಳಿದದ್ದು ಇಪ್ಪತ್ತಾರನೆಯ ವಯಸ್ಸಿನಲ್ಲಿ, ಒಂದು ದೀರ್ಘವಾದ ಕಾಲ್ನಡಿಗೆಯಲ್ಲಿ. ಅದೂ ಜೊತೆಗಾರನೊಬ್ಬನನ್ನು ದಾರಿಯಲ್ಲಿ ಬಿಟ್ಟು ಮುಂದೆ ನಡೆದ ಮೇಲೆ. ಇಂದು ಆ ಸಂಗತಿಯನ್ನು ನಿಮ್ಮೊಡನೆ ಹಂಚಿಕೊಳ್ಳಬೇಕೆಂದಿದ್ದೇನೆ.

ಕನ್ನಡದಲ್ಲಿ 'ದಾರಿ ಸವೆಸುವುದು' ಎಂಬ ಸೊಗಸಾದ ನುಡಿಗಟ್ಟಿದೆ. ನಿಜವಾಗಿ ನೋಡಿದರೆ ನಡೆದಾಗ ಸವೆಯುವುದು ಕಾಲು, ಅಥವಾ ಕಾಲಿನ ಚಪ್ಪಲಿ. ನಮ್ಮ ಹಿಂದಿನವರು ದಾರಿಯೇ ಸವೆಯುತ್ತದೆ ಎಂದು ಕಂಡರು. ಆದರೆ ಒಬ್ಬನೇ ನಡೆದವನು 'ದಾರಿ ಸವೆಯಲೇ ಇಲ್ಲ' ಎಂದು ಹೇಳುವುದನ್ನೂ, ಇಬ್ಬರು ಕೂಡಿ ನಡೆದವರು 'ಮಾತಿನಲ್ಲಿ ದಾರಿ ಸವೆದದ್ದೇ ತಿಳಿಯಲಿಲ್ಲ' ಎಂದು ಹೇಳುವುದನ್ನೂ ನಾವೆಲ್ಲ ಕೇಳಿದ್ದೇವೆ. ಒಂದೇ ದಾರಿ; ಒಬ್ಬನಿಗೆ ಸವೆಯದು, ಇಬ್ಬರಿಗೆ ಸವೆದದ್ದು ತಿಳಿಯದು. ಸ್ನೇಹಕ್ಕೆ ನಾವು 'ಒಡನಾಟ' ಎನ್ನುತ್ತೇವೆ. ಒಡನೆ ಆಡುವುದು ಎಂದು ಅದರ ಅರ್ಥ. ಒಡನೆ ನಡೆಯುವುದಕ್ಕೆ ಅಂಥದೇ ಒಂದು ಪದವಿದ್ದಿದ್ದರೆ ಚೆನ್ನಾಗಿತ್ತು ಎಂದು ನನಗೆ ಅನೇಕ ಸಲ ಅನ್ನಿಸಿದೆ. ಏಕೆಂದರೆ ಒಡನೆ ಆಡುವುದು ಸುಲಭ, ಒಡನೆ ನಡೆಯುವುದು ಕಷ್ಟ.

ನಾನು ಹೇಳುತ್ತಿರುವ ನಡಿಗೆ ನಡೆದದ್ದು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಸೀಮೆಯಲ್ಲಿ. ಈ ನಾಲ್ಕು ತಾಲ್ಲೂಕುಗಳೂ ಕೂಡಿ ತುಮಕೂರು ಜಿಲ್ಲೆಯ ಮಧುಗಿರಿ ಉಪವಿಭಾಗವಾಗಿವೆ. ಸರ್ಕಾರದ ಕಾಗದದಲ್ಲಿ ಒಂದೇ ಆದರೂ ನೆಲದ ಮೇಲೆ ನಾಲ್ಕಕ್ಕೂ ನಾಲ್ಕು ಸ್ವಭಾವ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಜಯಮಂಗಲಿ ಕೊರಟಗೆರೆ, ಮಧುಗಿರಿ ತಾಲ್ಲೂಕುಗಳನ್ನು ಹಾದು ಆಂಧ್ರದ ಗಡಿಯಾಚೆ ಉತ್ತರ ಪಿನಾಕಿನಿಯನ್ನು ಸೇರುತ್ತಾಳೆ. ವರ್ಷದ ಬಹುಭಾಗ ಅವಳು ಮರಳಿನ ನದಿ. ಆದರೂ ಅವಳ ದಂಡೆಯಲ್ಲಿ ತೆಂಗು ಅಡಕೆಗಳ ಹಸುರಿದೆ. ಮುಂದೆ ಮಧುಗಿರಿಯಲ್ಲಿ ಕಣ್ಣಿಗೆ ತುಂಬುವುದು ಬಂಡೆ. ಶಿರಾ ಬಯಲುಸೀಮೆ, 1687ರಿಂದ 1757ರವರೆಗೆ ಮೊಗಲರ ದಕ್ಷಿಣದ ಒಂದು ಸುಬಾಕ್ಕೆ ರಾಜಧಾನಿಯಾಗಿ ಮೆರೆದ ಊರು. ಇನ್ನು ಪಾವಗಡದ ಸಂಗತಿಯೇ ವಿಚಿತ್ರ. ಅದು ಜಿಲ್ಲೆಯ ಉಳಿದ ಭಾಗಕ್ಕೆ ನೆಲದಿಂದ ಅಂಟಿಕೊಂಡಿಲ್ಲ. ಪಶ್ಚಿಮಕ್ಕೆ ಚಿತ್ರದುರ್ಗ ಜಿಲ್ಲೆ, ಉಳಿದ ಮೂರು ದಿಕ್ಕುಗಳಿಗೂ ಆಂಧ್ರ. ಮಧುಗಿರಿಯಿಂದ ಪಾವಗಡಕ್ಕೆ ಹೋಗುವವನು ನೆರೆಯವರ ನೆಲವನ್ನು ತುಳಿಯದೆ ತನ್ನ ತಾಲ್ಲೂಕನ್ನು ಮುಟ್ಟಲಾರ. ಒಡಹುಟ್ಟಿದ ಮೂವರನ್ನು ಬಿಟ್ಟು ದೂರ ನಿಂತ ನಾಲ್ಕನೆಯವನಂತೆ ಅದು ನನಗೆ ಕಾಣುತ್ತದೆ.

1986ರ ಏಪ್ರಿಲ್ ತಿಂಗಳಲ್ಲಿ ನಾನೂ ನನ್ನ ಮಿತ್ರನೂ ಈ ನಾಲ್ಕು ತಾಲ್ಲೂಕುಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿಬರಬೇಕೆಂದು ಹೊರಟೆವು. ಮಾನಸಗಂಗೋತ್ರಿಯ ವಿದ್ಯಾರ್ಥಿನಿಲಯದಲ್ಲಿ ಒಂದೇ ಕೊಠಡಿಯಲ್ಲಿದ್ದವರು ನಾವು. ನನ್ನದು ಕನ್ನಡ, ಅವನದು ಇತಿಹಾಸ. ಇಬ್ಬರಿಗೂ ಆಗತಾನೆ ಅಧ್ಯಾಪಕ ವೃತ್ತಿ ದೊರೆತಿತ್ತು. ರಜೆಯೆಂದರೆ ಬೇಸಿಗೆ ರಜೆಯೇ ಆದ್ದರಿಂದ, ತಿಳಿದವರು ಬೇಡವೆಂದರೂ ಬಿಸಿಲಿನ ತಿಂಗಳಲ್ಲಿಯೇ ಹೊರಟೆವು. ಸಿದ್ಧರಬೆಟ್ಟದಿಂದ ಕೊರಟಗೆರೆ, ಅಲ್ಲಿಂದ ಮಧುಗಿರಿ, ಮಿಡಿಗೇಶಿ, ಪಾವಗಡ, ಕೊನೆಗೆ ಶಿರಾ ಎಂದು ದಾರಿಯನ್ನು ಗೊತ್ತುಮಾಡಿಕೊಂಡಿದ್ದೆವು. ಹೊರೆಯನ್ನು ಹಂಚಿಕೊಂಡದ್ದೂ ನೆನಪಿದೆ. ಅವಲಕ್ಕಿ, ಬೆಲ್ಲ, ಹುರಿಗಾಳು, ಹೊದಿಕೆಗಳು ಅವನ ಚೀಲದಲ್ಲಿ. ಎನ್.ಸಿ.ಸಿ. ಹುಡುಗರಿಂದ ಎರವಲು ತಂದ ಎರಡು ನೀರಿನ ಬಾಟಲುಗಳು ನನ್ನ ಚೀಲದಲ್ಲಿ. ಹೀಗೆ ಅನ್ನ ಅವನ ಬೆನ್ನಿಗೆ, ನೀರು ನನ್ನ ಬೆನ್ನಿಗೆ. ಈ ವಿವರವನ್ನು ನೀವು ಸ್ವಲ್ಪ ನೆನಪಿನಲ್ಲಿ ಇಟ್ಟುಕೊಂಡಿರಬೇಕು.

ಮೊದಲ ಎರಡು ದಿನಗಳು ಹಬ್ಬದಂತೆ ಕಳೆದುವು. ಸಿದ್ಧರಬೆಟ್ಟದಲ್ಲಿ ಔಷಧಿಯ ಗಿಡಮೂಲಿಕೆಗಳಿವೆ ಎಂಬ ಖ್ಯಾತಿಯನ್ನು ಕೇಳಿದ್ದ ನಾವು ಸಿಕ್ಕ ಎಲೆಯನ್ನೆಲ್ಲ ಮೂಸುತ್ತ ಹತ್ತಿದೆವು. ಗುಹೆಯ ತಂಪಿನಲ್ಲಿ ಸಿದ್ಧೇಶ್ವರನ ದರ್ಶನ ಮಾಡಿ ಇಳಿದೆವು. ಕೊರಟಗೆರೆಯಿಂದ ಮಧುಗಿರಿಯ ಕಡೆಗೆ ನಡೆಯುವಾಗ ಚನ್ನರಾಯನದುರ್ಗದ ಕೋಟೆ ಬಹಳ ಹೊತ್ತು ಕಣ್ಣಿಗೆ ಕಾಣುತ್ತಲೇ ಇತ್ತು. ದಾರಿಯುದ್ದಕ್ಕೂ ಮಾತು. ಪಾಳೆಯಗಾರರ ವಿಷಯ ಅವನು ಹೇಳಬೇಕು, ಪಂಪ ರನ್ನರ ವಿಷಯ ನಾನು ಹೇಳಬೇಕು. ಮಾತು ಮುಗಿದಾಗ ಮೌನ. ಆ ಮೌನದ ಬಗ್ಗೆ ಒಂದು ಮಾತು ಹೇಳಬೇಕು. ಕೋಣೆಯಲ್ಲಿ ಎದುರುಬದುರು ಕುಳಿತ ಇಬ್ಬರು ಮಾತು ನಿಲ್ಲಿಸಿದರೆ ಕಸಿವಿಸಿಯಾಗುತ್ತದೆ; ಯಾರಾದರೊಬ್ಬರು ಮಳೆಯ ವಿಷಯವನ್ನಾದರೂ ಎತ್ತಲೇಬೇಕು. ಆದರೆ ಅಕ್ಕಪಕ್ಕದಲ್ಲಿ ನಡೆಯುವವರ ಮೌನದಲ್ಲಿ ಅಂಥ ಕಸಿವಿಸಿಯಿಲ್ಲ. ಹೆಜ್ಜೆಯ ಸದ್ದೇ ಮಾತನ್ನು ಮುಂದುವರಿಸುತ್ತಿರುತ್ತದೆ. ನಾನು ಕಂಡ ಒಳ್ಳೆಯ ಸ್ನೇಹಗಳು ಬೆಳೆದದ್ದು ಹೀಗೆ, ಎದುರು ಕುಳಿತಲ್ಲ, ಪಕ್ಕದಲ್ಲಿ ನಡೆದು.

ಮೂರನೆಯ ದಿನ ಮಧುಗಿರಿಯ ಬೆಟ್ಟ. ಹಿಂದೆ ಮದ್ದಗಿರಿ ಎಂದು ಕರೆಸಿಕೊಳ್ಳುತ್ತಿದ್ದ ಈ ಊರಿನ ನೆತ್ತಿಯ ಮೇಲೆ ನಿಂತಿರುವ ಏಕಶಿಲೆಯ ಬೆಟ್ಟವನ್ನು ಕಂಡವರು ಮರೆಯಲಾರರು. ಅದರ ಶಿಖರ ಸಮುದ್ರಮಟ್ಟದಿಂದ ಸುಮಾರು 3,900 ಅಡಿ ಎತ್ತರದಲ್ಲಿದೆ. ಕೆಳಗಿನ ಕೋಟೆಯ ಬಾಗಿಲುಗಳನ್ನು ದಾಟುವವರೆಗೆ ಮೆಟ್ಟಿಲುಗಳುಂಟು. ಮೇಲೆ ಹೋದಂತೆ ಬರಿಯ ಇಳಿಜಾರು ಬಂಡೆ, ಅದರಲ್ಲಿ ಕಾಲೂರುವುದಕ್ಕೆ ಕಡಿದ ಸಣ್ಣ ಗುಳಿಗಳು. ಹತ್ತುವಾಗ ನಾನೇ ಮುಂದೆ. ಉತ್ಸಾಹದಿಂದ ತುದಿಯನ್ನು ಮುಟ್ಟಿ, ಪಾಳುಬಿದ್ದ ಕಟ್ಟಡದ ನೆರಳಿನಲ್ಲಿ ಕುಳಿತು, ಸುತ್ತಲ ಕೆರೆಗಳನ್ನು ಎಣಿಸಿದೆ. ಇಳಿಯಲು ಎದ್ದು ನಿಂತಾಗ ಕಾಲುಗಳು ನಡುಗಿದುವು. ಹತ್ತುವವನ ಕಣ್ಣಿಗೆ ಬಂಡೆ ಮಾತ್ರ ಕಾಣುತ್ತದೆ. ಇಳಿಯುವವನ ಕಣ್ಣಿಗೆ ಪಾತಾಳ ಕಾಣುತ್ತದೆ. ನಾನು ಕುಳಿತಲ್ಲಿಂದ ಏಳಲಾರದೆ ಹೋದೆ. ನನ್ನ ಮಿತ್ರ ಏನೂ ಹೇಳಲಿಲ್ಲ. ನನ್ನ ಮುಂದೆ ಬಂದು, ಬೆಟ್ಟಕ್ಕೆ ಮುಖಮಾಡಿ, ನನಗಿಂತ ಎರಡು ಗುಳಿ ಕೆಳಗೆ ನಿಂತು, ನನ್ನ ಪಾದವನ್ನು ತನ್ನ ಕೈಯಿಂದ ಹಿಡಿದು ಒಂದು ಗುಳಿಯಲ್ಲಿ ಇಟ್ಟ, ಆಮೇಲೆ ಇನ್ನೊಂದರಲ್ಲಿ. ಪಾತಾಳವನ್ನು ತನ್ನ ಮೈಯಿಂದ ಮರೆಮಾಡಿ ಒಂದು ಗಂಟೆಗೂ ಹೆಚ್ಚು ಕಾಲ ಹಿಮ್ಮುಖನಾಗಿ ಇಳಿದ. ಕೆಳಗೆ ವೆಂಕಟರಮಣಸ್ವಾಮಿಯ ಗುಡಿಯ ಬಳಿಗೆ ಬಂದಾಗ ಅವನ ಮೊಣಕೈಗಳ ಚರ್ಮ ಸುಲಿದಿತ್ತು. 'ಹೊಟ್ಟೆ ಹಸಿದಿದೆ, ನಡೆಯಯ್ಯ' ಎಂದನೇ ಹೊರತು ಆ ವಿಷಯವನ್ನು ಎತ್ತಲಿಲ್ಲ.

ಇಂಥವನನ್ನು ಮೂರು ದಿನ ಕಳೆಯುವುದರೊಳಗೆ ನಾನು ದಾರಿಯಲ್ಲಿ ಬಿಟ್ಟುಹೋದೆ. ಹೇಗೆ ಎಂದು ಇಂದಿಗೂ ನನ್ನನ್ನು ನಾನೇ ಕೇಳಿಕೊಳ್ಳುತ್ತೇನೆ.

ದೊಡ್ಡ ಕಾರಣವೇನೂ ಇರಲಿಲ್ಲ. ದೀರ್ಘ ನಡಿಗೆಯಲ್ಲಿ ಮನಸ್ಸು ಮುರಿಯುವುದು ಸಣ್ಣ ಕಾರಣಗಳಿಗೇ. ಮಧುಗಿರಿಯಿಂದ ಮಿಡಿಗೇಶಿಗೆ ಒಂದು ದಿನ. ಹಿಮ್ಮಡಿಯವರೆಗೆ ಕೂದಲಿದ್ದ ಹೆಣ್ಣೊಬ್ಬಳಿಂದ ಆ ಊರಿಗೆ ಹೆಸರು ಬಂದಿತೆಂದು ಐತಿಹ್ಯ. ಅಲ್ಲಿಂದ ಪಾವಗಡಕ್ಕೆ ಎರಡು ದಿನದ ದಾರಿ. ಅಂಗಾಲಿನಲ್ಲಿ ಬೊಕ್ಕೆಗಳು ಎದ್ದಿದ್ದುವು. ನನ್ನದು ಬೀಸುಹೆಜ್ಜೆ, ಅವನದು ನಿಧಾನ. ಅದಕ್ಕಿಂತ ಹೆಚ್ಚಾಗಿ, ದಾರಿಯ ಬದಿಯಲ್ಲಿ ಒಂದು ವೀರಗಲ್ಲೋ ಮಾಸ್ತಿಕಲ್ಲೋ ಕಂಡರೆ ಸಾಕು, ಅವನು ಚೀಲ ಇಳಿಸಿ, ಟಿಪ್ಪಣಿ ಪುಸ್ತಕ ತೆಗೆದು, ಅದರ ಚಿತ್ರವನ್ನು ಬರೆದುಕೊಳ್ಳಲು ಕುಳಿತುಬಿಡುತ್ತಿದ್ದ. ಮೊದಲ ದಿನಗಳಲ್ಲಿ ಅದು ನನಗೆ ಸೊಗಸಾಗಿ ಕಂಡಿತ್ತು. ಆರನೆಯ ದಿನ, ಹತ್ತು ಗಂಟೆಯ ಬಿಸಿಲಿನಲ್ಲಿ, ಒಂದು ಹೊಲದ ಬದುವಿನ ಬಳಿ ಅವನು ಮತ್ತೆ ಚೀಲ ಇಳಿಸಿದಾಗ ನನ್ನ ತಾಳ್ಮೆ ತಪ್ಪಿತು. ಮಧ್ಯಾಹ್ನದೊಳಗೆ ಪಾವಗಡ ಸೇರಬೇಕೆಂದು ನನ್ನ ಹಟ. 'ನಿನ್ನ ಕಲ್ಲು ಎಲ್ಲಿಗೂ ಓಡಿಹೋಗುವುದಿಲ್ಲ. ಏಳು' ಎಂದೆ. 'ಐದು ನಿಮಿಷ' ಎಂದ. 'ನಿನ್ನ ಐದು ನಿಮಿಷ ನನಗೆ ಗೊತ್ತು. ನೀನು ಕಲ್ಲಿನ ಜೊತೆಯಲ್ಲೇ ಬಾ' ಎಂದು ಹೇಳಿ ನಡೆದೆ. ಹಿಂತಿರುಗಿ ನೋಡಲಿಲ್ಲ. ನೋಡಬಾರದೆಂದೇ ನೋಡಲಿಲ್ಲ.

ಕೋಪದಲ್ಲಿ ನಡೆಯುವವನಿಗೆ ದಾರಿ ಬೇಗ ಸಾಗುತ್ತದೆ. ಎರಡು ಗಂಟೆ ನಡೆದಿರಬೇಕು. ಒಂದು ಹುಣಸೆಯ ಮರದ ಕೆಳಗೆ ಕುಳಿತು ಬಾಯಾರಿಕೆಯೆಂದು ಚೀಲವನ್ನು ಬಿಚ್ಚಿದೆ. ಎರಡು ಬಾಟಲುಗಳೂ ಅದರಲ್ಲಿ ಇದ್ದುವು. ಒಂದು ಅರ್ಧ ಖಾಲಿ, ಇನ್ನೊಂದು ತುಂಬಿತ್ತು. ಆ ತುಂಬಿದ ಬಾಟಲನ್ನು ನೋಡುತ್ತ ನಾನು ಎಷ್ಟು ಹೊತ್ತು ಕುಳಿತಿದ್ದೆನೋ ತಿಳಿಯದು. ಆಮೇಲೆ ಎದ್ದು, ಬಂದ ದಾರಿಯಲ್ಲಿಯೇ, ಬೊಕ್ಕೆಯ ಕಾಲಿನಲ್ಲಿ, ಓಡಿದೆ ಎಂದೇ ಹೇಳಬೇಕು. ಪಾವಗಡದ ಏಪ್ರಿಲ್ ಬಿಸಿಲನ್ನು ಅನುಭವಿಸಿದವರಿಗೆ ವಿವರಿಸಬೇಕಾಗಿಲ್ಲ. ಈಗ ಅದೇ ತಾಲ್ಲೂಕಿನಲ್ಲಿ ಸುಮಾರು 13,000 ಎಕರೆಯಲ್ಲಿ ಹಲಗೆಗಳನ್ನು ಹಾಸಿ 2,050 ಮೆಗಾವಾಟ್ ಸಾಮರ್ಥ್ಯದ ಸೌರವಿದ್ಯುತ್ ಸ್ಥಾವರವನ್ನು ನಿರ್ಮಿಸಿದ್ದಾರೆ; 2019ರ ಕೊನೆಯ ವೇಳೆಗೆ ಅದು ಪೂರ್ಣಗೊಂಡಿತು. ನಾಡಿಗೆ ಬೆಳಕು ಕೊಡುವ ಬಿಸಿಲು ಅದು. ಅಂದು ಅದರ ಕೆಳಗೆ ನೆರಳಿಲ್ಲದೆ, ನೀರಿಲ್ಲದೆ ನಾನು ಒಬ್ಬನನ್ನು ಬಿಟ್ಟು ಬಂದಿದ್ದೆ.

ಅವನು ನಾನು ಬಿಟ್ಟ ಜಾಗದಲ್ಲಿ ಇರಲಿಲ್ಲ. ಅಲ್ಲಿಂದ ಒಂದು ಮೈಲಿ ಈಚೆಗೆ, ಒಂದು ಜಾಲಿಯ ಮರದ ಚುಕ್ಕೆ ನೆರಳಿನಲ್ಲಿ, ಕಂಬಳಿಯ ಮೇಲೆ ಮಲಗಿದ್ದ. ತಲೆಯ ಮೇಲೆ ಒದ್ದೆಬಟ್ಟೆ. ಪಕ್ಕದಲ್ಲಿ ಒಬ್ಬ ಮುದಿ ಕುರಿಗಾಹಿ ಕುಕ್ಕರುಗಾಲಿನಲ್ಲಿ ಕುಳಿತು ಮಣ್ಣಿನ ಕುಡಿಕೆಯಿಂದ ಉಪ್ಪು ಹಾಕಿದ ಅಂಬಲಿಯನ್ನು ಗುಟುಕು ಗುಟುಕಾಗಿ ಅವನಿಗೆ ಕುಡಿಸುತ್ತಿದ್ದ. ಸುತ್ತ ಕುರಿಯ ಮಂದೆ ತಲೆ ತಗ್ಗಿಸಿ ಒಂದರ ನೆರಳಿನಲ್ಲಿ ಒಂದು ಮುಖವಿಟ್ಟು ನಿಂತಿತ್ತು. ನನ್ನ ಮಿತ್ರನಿಗೆ ನನ್ನ ಗುರುತು ಹತ್ತಲು ಕೆಲವು ಕ್ಷಣಗಳು ಬೇಕಾದುವು. ದಾರಿಯಲ್ಲಿ ಅವನು ತೊದಲುತ್ತ, ಬಂದ ದಿಕ್ಕಿಗೇ ತಿರುಗಿ ನಡೆಯುತ್ತಿದ್ದನಂತೆ. ಅದನ್ನು ಕಂಡು ಆ ಮುದುಕ ಮಂದೆಯನ್ನು ಅಲ್ಲಿಯೇ ನಿಲ್ಲಿಸಿದ್ದ. ಅವನ ಮಾತು ಅರ್ಧ ಕನ್ನಡ, ಅರ್ಧ ತೆಲುಗು. ನಾನು ಯಾರೆಂದು ತಿಳಿದ ಮೇಲೆ ಅವನು ನನ್ನನ್ನು ಬಯ್ಯುತ್ತಾನೆಂದು ನಿರೀಕ್ಷಿಸಿದ್ದೆ. ಬಯ್ಯಲಿಲ್ಲ. ನನ್ನ ಕೈಯಲ್ಲಿದ್ದ ಬಾಟಲನ್ನು ಒಮ್ಮೆ ನೋಡಿ, ಇಷ್ಟು ಮಾತ್ರ ಹೇಳಿದ: 'ಮುಂದ್ಲ ಕುರಿ ತಾನೇ ಹೋಗ್ತದೆ ಸ್ವಾಮಿ. ಹಿಂದ್ಲ ಕುರೀನ ನೋಡ್ಕಂಡು ಮಂದೆ ಹೊಡೀಬೇಕು.'

ಸಂಜೆ ಬಿಸಿಲು ಇಳಿದ ಮೇಲೆ ಪಾವಗಡ ಸೇರಿದೆವು. ಎರಡು ಚೀಲಗಳನ್ನೂ ನಾನು ಹೊತ್ತಿದ್ದೆ. ಅಲ್ಲಿ ಎರಡು ದಿನ ಹಳೆಯ ವಿದ್ಯಾರ್ಥಿಯೊಬ್ಬನ ಮನೆಯಲ್ಲಿ ಉಳಿದು, ನಡಿಗೆಯನ್ನು ಅಲ್ಲಿಗೇ ನಿಲ್ಲಿಸಿ, ಬಸ್ಸಿನಲ್ಲಿ ಶಿರಾಕ್ಕೆ ಹೋಗಿ, ಮಲಿಕ್ ರಿಹಾನನ ಗೋರಿಯನ್ನು ನೋಡಿಕೊಂಡು ಊರಿಗೆ ಮರಳಿದೆವು. ನಾಲ್ಕು ತಾಲ್ಲೂಕುಗಳ ನಡಿಗೆಯಲ್ಲಿ ನಾಲ್ಕನೆಯದು ಬಾಕಿ ಉಳಿಯಿತು. ನಡೆದದ್ದರ ಬಗ್ಗೆ ನಾನು ಕ್ಷಮೆ ಕೇಳಲಿಲ್ಲ. ಮೊದಲ ದಿನ ನಾಚಿಕೆ ತಡೆಯಿತು. ಎರಡನೆಯ ದಿನ 'ನಾಳೆ ಹೇಳೋಣ' ಎನ್ನಿಸಿತು. ಆಮೇಲೆ ಹೇಳುವುದಕ್ಕೆ ಕಾಲ ಮೀರಿತೆಂದು ಅನ್ನಿಸತೊಡಗಿತು. ನಮ್ಮ ಸ್ನೇಹ ಮುರಿಯಲಿಲ್ಲ. ಒಬ್ಬರ ಮನೆಯ ಮದುವೆ ಮುಂಜಿಗಳಿಗೆ ಒಬ್ಬರು ಹೋದೆವು. ಆದರೆ ಆ ನಡಿಗೆಯ ಮಾತು ಬಂದಾಗ ಇಬ್ಬರೂ ಮಧುಗಿರಿಯ ಬೆಟ್ಟದವರೆಗೆ ಹೇಳಿ ನಿಲ್ಲಿಸುತ್ತಿದ್ದೆವು.

ಈಗ ಯೋಚಿಸಿದರೆ, ದೀರ್ಘ ನಡಿಗೆಯಲ್ಲಿ ಜೊತೆಗಾರ ಏಕೆ ಬೇಕು ಎಂಬುದಕ್ಕೆ ಆ ದಿನವೇ ಉತ್ತರ. ಹೊರೆ ಹಂಚಿಕೊಳ್ಳಲು ಬೇಕು, ಹರಟೆಗೆ ಬೇಕು, ರಾತ್ರಿಯ ಧೈರ್ಯಕ್ಕೆ ಬೇಕು, ಇವೆಲ್ಲ ಸರಿಯೆ. ಆದರೆ ಮುಖ್ಯವಾದ ಕಾರಣ ಇನ್ನೊಂದಿದೆ. ಬಿಸಿಲು ಬಡಿದವನಿಗೆ ತನಗೆ ಬಿಸಿಲು ಬಡಿದಿದೆ ಎಂಬುದು ತಿಳಿಯುವುದಿಲ್ಲ. ಮೈಯ ಕಾವು ಏರಿದಂತೆ ಮೊದಲು ಕೆಡುವುದು ವಿವೇಕ. ಮಾತು ತೊದಲುತ್ತದೆ, ದಿಕ್ಕು ತಪ್ಪುತ್ತದೆ. ಕೇಳಿದರೆ 'ನನಗೇನೂ ಆಗಿಲ್ಲ' ಎನ್ನುತ್ತಾನೆ. ಅದನ್ನು ಕಾಣಲು ಇನ್ನೊಬ್ಬರ ಕಣ್ಣು ಬೇಕು. ನಮ್ಮ ಬೆನ್ನು ನಮಗೆ ಕಾಣದು. ಹಾಗೆಯೇ ನಮ್ಮ ದಣಿವೂ, ನಮ್ಮ ಕೋಪವೂ. ಬಿಸಿಲು ನನಗೂ ಬಡಿದಿತ್ತು ಎಂದು ಈಗ ನನಗೆ ತೋರುತ್ತದೆ. ಅವನಿಗೆ ಬಡಿದದ್ದು ಮೈಗೆ, ನನಗೆ ಬಡಿದದ್ದು ಮನಸ್ಸಿಗೆ. ಒಬ್ಬರನ್ನೊಬ್ಬರು ನೋಡಿಕೊಳ್ಳಬೇಕಾಗಿದ್ದ ಗಳಿಗೆಯಲ್ಲಿಯೇ ನಾನು ಮುಖ ತಿರುಗಿಸಿ ನಡೆದಿದ್ದೆ.

ಏಕಾಂಗಿಯಾಗಿ ನಡೆಯುವುದರ ಹಿರಿಮೆಯನ್ನು ಹೇಳುವವರಿದ್ದಾರೆ. ನಾನು ಅದನ್ನು ಅಲ್ಲಗಳೆಯುವುದಿಲ್ಲ. ಅಕ್ಕಮಹಾದೇವಿ ಶ್ರೀಶೈಲದ ದಾರಿ ಹಿಡಿದದ್ದು ಒಬ್ಬಳೇ. ಆದರೆ ಚೆನ್ನಮಲ್ಲಿಕಾರ್ಜುನ ಸಂಗಡ ಇದ್ದಾನೆಂಬ ನೆಚ್ಚಿಕೆ ಅವಳದಾಗಿತ್ತು. ಅಷ್ಟು ದೊಡ್ಡ ಜೊತೆ ನಮಗೆ ಸಿಕ್ಕುವುದಿಲ್ಲ. ಅದಕ್ಕಾಗಿಯೇ ಇಂದಿಗೂ ಯುಗಾದಿಯ ಸಮಯದಲ್ಲಿ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯ ಭಕ್ತರು ಅದೇ ಶ್ರೀಶೈಲಕ್ಕೆ ಕಂಬಿ ಹೊತ್ತು ಹಿಂಡುಹಿಂಡಾಗಿ ನಡೆಯುತ್ತಾರೆ. ನಮ್ಮ ಶಿರಾ ಸೀಮೆಯ ಕಾಡುಗೊಲ್ಲರ ವೀರ ಜುಂಜಪ್ಪನನ್ನೇ ನೋಡಿ. ಗಣೆಯೆಂಬ ಉದ್ದನೆಯ ಬಿದಿರ ಕೊಳಲನ್ನು ನುಡಿಸುತ್ತ ಅವನ ಕಥೆಯನ್ನು ಹಾಡುವವರು ಅವನೊಬ್ಬನನ್ನೇ ಹಾಡುವುದಿಲ್ಲ. ಅವನ ಜೊತೆಗೆ ಬಡಮೈಲನೆಂಬ ಗೂಳಿಯೂ ಇರಲೇಬೇಕು. ಕಾಡಿನ ದಾರಿಯನ್ನು ಬಲ್ಲ ಜನ ತಮ್ಮ ವೀರನನ್ನು ಒಂಟಿಯಾಗಿ ಕಲ್ಪಿಸಿಕೊಳ್ಳಲಿಲ್ಲ.

ಕನ್ನಡದ ಅಧ್ಯಾಪಕನಾಗಿ ನನ್ನನ್ನು ಬಹುಕಾಲ ಕಾಡಿದ್ದು ಭಾರತದ ಮಹಾಪ್ರಸ್ಥಾನದ ಭಾಗ. ಕುಮಾರವ್ಯಾಸ ಹತ್ತು ಪರ್ವಗಳಿಗೆ ತನ್ನ ಕಾವ್ಯವನ್ನು ನಿಲ್ಲಿಸಿದ. ಉಳಿದುದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಹೇಳಿದ. ಎ. ಆರ್. ಕೃಷ್ಣಶಾಸ್ತ್ರಿಗಳ 'ವಚನಭಾರತ'ದಲ್ಲಿ ಅದನ್ನು ಓದದ ಕನ್ನಡಿಗರು ವಿರಳ. ನಮ್ಮ ಪರಂಪರೆ ಕಂಡ ಅತ್ಯಂತ ದೀರ್ಘವಾದ ಕಾಲ್ನಡಿಗೆಯೆಂದರೆ ಅದೇ. ದ್ರೌಪದಿ ಬೀಳುತ್ತಾಳೆ, ಸಹದೇವ, ನಕುಲ, ಅರ್ಜುನ, ಭೀಮ ಒಬ್ಬೊಬ್ಬರಾಗಿ ಬೀಳುತ್ತಾರೆ. ಧರ್ಮರಾಯ ಹಿಂತಿರುಗಿ ನೋಡದೆ ನಡೆಯುತ್ತಾನೆ. ಬಿದ್ದವರ ತಪ್ಪೇನೆಂದು ಭೀಮನಿಗೆ ವಿವರಿಸುತ್ತಾನೆ, ಆದರೆ ನಿಲ್ಲುವುದಿಲ್ಲ. ಕೊನೆಗೆ ಹಸ್ತಿನಾವತಿಯಿಂದ ಹಿಂಬಾಲಿಸಿ ಬಂದ ನಾಯಿಯನ್ನು ಬಿಟ್ಟು ಸ್ವರ್ಗದ ರಥವನ್ನು ಏರಲು ಒಪ್ಪುವುದಿಲ್ಲ. 1986ಕ್ಕೆ ಮುಂಚೆ ನಾನು ಈ ಭಾಗವನ್ನು ಧರ್ಮರಾಯನ ವೈರಾಗ್ಯಕ್ಕೆ ನಿದರ್ಶನವೆಂದು ಪಾಠ ಹೇಳುತ್ತಿದ್ದೆ. ಆಮೇಲೆ ತರಗತಿಯಲ್ಲಿ ಇದನ್ನು ಹೇಳುವಾಗಲೆಲ್ಲ ನನ್ನ ದನಿ ತಗ್ಗುತ್ತಿತ್ತು. ನಾಯಿಗಾಗಿ ನಿಂತವನು ತಮ್ಮಂದಿರಿಗಾಗಿ ಏಕೆ ನಿಲ್ಲಲಿಲ್ಲ?

ಉತ್ತರ ಮುಂದಿನ ಪರ್ವದಲ್ಲಿದೆ. ಸ್ವರ್ಗದಲ್ಲಿ ದುರ್ಯೋಧನನನ್ನು ಕಂಡ ಧರ್ಮರಾಯ ತನ್ನವರು ಎಲ್ಲಿದ್ದಾರೆಂದು ಕೇಳುತ್ತಾನೆ. ದೇವದೂತ ಅವನನ್ನು ನರಕಕ್ಕೆ ಕರೆದೊಯ್ಯುತ್ತಾನೆ. ಆ ದುರ್ಗಂಧವನ್ನು ತಾಳಲಾರದೆ ಹಿಂತಿರುಗುವಾಗ ಕತ್ತಲೆಯೊಳಗಿನಿಂದ ದನಿಗಳು ಕೇಳಿಸುತ್ತವೆ: ಸ್ವಲ್ಪ ಹೊತ್ತು ನಿಲ್ಲು, ನಿನ್ನ ಮೈಮೇಲಿಂದ ಬೀಸುವ ಗಾಳಿಯಿಂದ ನಮ್ಮ ಸಂಕಟ ತಗ್ಗುತ್ತಿದೆ ಎಂಬರ್ಥದ ಮೊರೆ. ಅವು ಭೀಮಾರ್ಜುನರ, ದ್ರೌಪದಿಯ ದನಿಗಳು. ಧರ್ಮರಾಯ ಸ್ವರ್ಗವನ್ನು ಧಿಕ್ಕರಿಸಿ ಅಲ್ಲಿಯೇ ನಿಲ್ಲುತ್ತಾನೆ. ದಾರಿಯಲ್ಲಿ ನಿಲ್ಲದವನು ಕೊನೆಗೆ ನಿಲ್ಲುತ್ತಾನೆ. ಅವನು ಅವರಿಗೆ ಏನನ್ನೂ ಕೊಡಲಿಲ್ಲ, ಏನನ್ನೂ ಮಾಡಲಿಲ್ಲ. ಹತ್ತಿರ ಇದ್ದ, ಅಷ್ಟೆ. ಆ ಇರುವಿಕೆಯೇ ಅವರಿಗೆ ತಂಪಾಯಿತು. ಮಹಾಪ್ರಸ್ಥಾನವನ್ನು ಸ್ವರ್ಗಾರೋಹಣದಿಂದ ಬೇರ್ಪಡಿಸಿ ಓದಬಾರದೆಂದು ನಾನು ಆ ಬಳಿಕ ವಿದ್ಯಾರ್ಥಿಗಳಿಗೆ ಹೇಳತೊಡಗಿದೆ. ಅದು ಪಾಂಡಿತ್ಯದಿಂದ ಬಂದ ತೀರ್ಮಾನವಾಗಿರಲಿಲ್ಲ.

2022ರಲ್ಲಿ, ನಿವೃತ್ತನಾದ ಮೇಲೆ, ಯಾವುದೋ ಕಾರ್ಯನಿಮಿತ್ತ ಮಧುಗಿರಿಗೆ ಹೋಗಿದ್ದೆ. ಮನಸ್ಸು ತಡೆಯದೆ ಬೆಳಗ್ಗೆ ಬೆಟ್ಟದ ಬುಡಕ್ಕೆ ಹೋದೆ. ಕಾಲೇಜು ಹುಡುಗರ ಒಂದು ಗುಂಪು ಹತ್ತುತ್ತಿತ್ತು. ನಾನೂ ಅವರ ಹಿಂದೆ ಹತ್ತಿದೆ. ಕೋಟೆಯ ಎರಡನೆಯ ಬಾಗಿಲು ದಾಟುವಷ್ಟರಲ್ಲಿ ಮೊಣಕಾಲು ಹಿಡಿದುಕೊಂಡಿತು, ಉಸಿರು ಮೇಲೆ ಕೆಳಗಾಯಿತು. ಒಂದು ಕಟ್ಟೆಯ ಮೇಲೆ ಕುಳಿತೆ. ಹುಡುಗರೆಲ್ಲ ಕೂಗಾಡುತ್ತ ಮೇಲೆ ಹೋದರು. ಅವರಲ್ಲಿ ಒಬ್ಬ, ನನಗೆ ಯಾವ ರೀತಿಯಲ್ಲೂ ಸಂಬಂಧಪಡದವನು, ನನ್ನ ಪಕ್ಕದಲ್ಲಿ ಕುಳಿತುಬಿಟ್ಟ. 'ನೀನು ಹೋಗಪ್ಪ, ನಿನ್ನ ಸ್ನೇಹಿತರು ಮುಂದೆ ಹೋದರು' ಎಂದೆ. ಅವನು ನೀರಿನ ಬಾಟಲಿನ ಮುಚ್ಚಳ ತೆಗೆದು ನನಗೆ ಕೊಡುತ್ತ, 'ಇರ್ಲಿ ಬಿಡಿ ಸಾರ್, ಬೆಟ್ಟ ಎಲ್ಲಿಗೂ ಓಡಿಹೋಗಲ್ಲ' ಎಂದ.

ಮೂವತ್ತಾರು ವರ್ಷಗಳ ಹಿಂದೆ ನಾನು ಆಡಿದ್ದ ಮಾತು ಅದೇ. ನಾನು ಬಿಟ್ಟುಹೋಗಲು ಬಳಸಿದ್ದ ಮಾತನ್ನು ಈ ಹುಡುಗ ಉಳಿಯಲು ಬಳಸಿದ. ಅವನು ನನ್ನ ಕೈಹಿಡಿದು ಕೆಳಗೆ ಇಳಿಸಿ, ಕಾಫಿ ಕುಡಿಸಿದ ಮೇಲೆಯೇ ಮತ್ತೆ ಬೆಟ್ಟದ ಕಡೆಗೆ ನಡೆದ. ಹೆಸರು ಕೇಳುವುದನ್ನೂ ನಾನು ಮರೆತೆ.

ಅಂದು ರಾತ್ರಿ ಮಿತ್ರನಿಗೆ ದೂರವಾಣಿ ಮಾಡಿದೆ. ಕುಶಲ ಪ್ರಶ್ನೆಗಳಾದ ಮೇಲೆ, ಪಾವಗಡದ ದಾರಿಯಲ್ಲಿ ನಾನು ಮಾಡಿದ್ದು ತಪ್ಪು, ಅದನ್ನು ಅಂದೇ ಹೇಳಬೇಕಾಗಿತ್ತು ಎಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿರಲಿಲ್ಲ. 'ನೀನು ಎರಡು ಚೀಲ ಹೊತ್ತು ಕುಂಟುತ್ತ ನಡೆದದ್ದು ನನಗೆ ನೆನಪಿದೆ' ಎಂದ ಮೊದಲು. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಸಮಾಧಾನದಿಂದ ಮಲಗುತ್ತಿದ್ದೆನೇನೋ. ಆಮೇಲೆ ಹೇಳಿದ: 'ಬಿಟ್ಟುಹೋದದ್ದೂ ನೆನಪಿದೆ ಕಣಯ್ಯ. ಒಂದು ದಿನ ನೀನೇ ಹೇಳುತ್ತೀಯ ಅಂತ ಕಾಯುತ್ತಿದ್ದೆ. ಬಹಳ ತಡ ಮಾಡಿದೆ.' ಅಂದರೆ ಆ ಮೂವತ್ತಾರು ವರ್ಷವೂ ನಾನು ಮುಂದೆ ನಡೆಯುತ್ತಲೇ ಇದ್ದೆ, ಅವನು ಹಿಂದೆ ನಿಂತು ಕಾಯುತ್ತಲೇ ಇದ್ದ.

2024ರ ಫೆಬ್ರವರಿಯಲ್ಲಿ ನಾವಿಬ್ಬರೂ ಬಾಕಿ ಉಳಿದಿದ್ದ ಶಿರಾ ನಡಿಗೆಯನ್ನು ಸ್ವಲ್ಪಮಟ್ಟಿಗೆ ತೀರಿಸಿದೆವು. ಪಾವಗಡದಿಂದ ನಡೆಯುವ ಶಕ್ತಿ ಈಗ ಇಬ್ಬರಿಗೂ ಇಲ್ಲ. ಕಗ್ಗಲಡುವಿನಿಂದ ಶಿರಾಕ್ಕೆ, ಹತ್ತು ಕಿಲೋಮೀಟರಿಗೂ ಕಡಿಮೆ ದೂರ, ಬೆಳಗಿನ ತಂಪಿನಲ್ಲಿ ನಡೆದೆವು. ಕಗ್ಗಲಡುವಿನ ಹುಣಸೆಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡುಕಟ್ಟುತ್ತವೆ. ಊರಿನವರು ಅವಕ್ಕೆ ತೊಂದರೆಯಾಗದಂತೆ ಕಾಯುತ್ತಾರೆ. ಮರಿಗಳಾದ ಮೇಲೆ ಗಂಡು ಹೆಣ್ಣುಗಳು ಸರದಿಯಂತೆ ಗೂಡಿನಲ್ಲಿ ನಿಂತು, ಬಿಸಿಲೇರಿದಾಗ ರೆಕ್ಕೆ ಬಿಚ್ಚಿ ಅವಕ್ಕೆ ನೆರಳು ಮಾಡುತ್ತವೆ. ಬಹಳ ಹೊತ್ತು ಆ ಮರಗಳ ಕೆಳಗೆ ನಿಂತಿದ್ದು ಹೊರಟೆವು. ದಾರಿಯಲ್ಲಿ ಒಂದು ಹೊಲದ ಅಂಚಿನಲ್ಲಿ ಅರ್ಧ ಹೂತುಹೋದ ಕಲ್ಲೊಂದು ಕಂಡಿತು. ನನ್ನ ಮಿತ್ರ ನನ್ನ ಮುಖವನ್ನು ನೋಡಿದ. ನಾನು ಚೀಲ ಇಳಿಸಿ ಕೊಡೆ ಬಿಚ್ಚಿದೆ. ಅವನು ಕನ್ನಡಕ ಏರಿಸಿ ಬರೆದುಕೊಳ್ಳಲು ಕುಳಿತ. ನಾನು ಅವನ ತಲೆಯ ಮೇಲೆ ಕೊಡೆ ಹಿಡಿದು ನಿಂತೆ. ಐದು ನಿಮಿಷವೆಂದಿದ್ದ, ಮುಕ್ಕಾಲು ಗಂಟೆಯಾಯಿತು. ಶಿರಾ ಸೇರುವ ವೇಳೆಗೆ ಮಧ್ಯಾಹ್ನವಾಗಿತ್ತು. ದಾರಿಹೋಕರೊಬ್ಬರು, ಇಷ್ಟು ದೂರಕ್ಕೆ ಇಷ್ಟು ಹೊತ್ತೇ ಎಂದು ಆಶ್ಚರ್ಯಪಟ್ಟರು.

ಕೇಳುಗರಲ್ಲಿ ಕಿರಿಯರು ಅನೇಕರಿರಬಹುದು. ನೀವು ಬೆಟ್ಟಗಳನ್ನು ಹತ್ತಿ, ದೂರದೂರ ನಡೆಯಿರಿ. ನಡಿಗೆಗಿಂತ ಒಳ್ಳೆಯ ಪಾಠಶಾಲೆಯಿಲ್ಲ. ಹೊರಡುವಾಗ ಒಬ್ಬ ಜೊತೆಗಾರನನ್ನು ಕರೆದುಕೊಳ್ಳಿ. ನೀರನ್ನು ಒಬ್ಬನ ಚೀಲದಲ್ಲಿಯೇ ಇಡಬೇಡಿ. ಇಬ್ಬರ ಬಳಿಯೂ ಇರಲಿ. ನಿಮಗಿಂತ ನಿಧಾನವಾಗಿ ನಡೆಯುವವನು ಸಿಕ್ಕರೆ ಬೇಸರಪಡಬೇಡಿ. ಮುಂದೆ ಹೋಗಿಬಿಟ್ಟಿದ್ದರೆ, ಎಷ್ಟೇ ದೂರ ಹೋಗಿದ್ದರೂ, ಹಿಂತಿರುಗಿ ಬಂದು ಆಡಬೇಕಾದ ಮಾತನ್ನು ಆಡಿ. ನಾನು ತಡಮಾಡಿದಷ್ಟು ತಡಮಾಡಬೇಡಿ.



(ಬಾನುಲಿ ಭಾಷಣ)